ತಮ್ಮ ಚಿತ್ರ ಬಿಡಿಸೋದು ನಿಲ್ಲಿಸಿದ್ದಾನೆ, ದೀನಿಗಾಗಿ (ಧರ್ಮಕ್ಕಾಗಿ) ಅಂತಾನೆ. ಏನು ಹೇಳಲಿ?

ಕುರ್ಲಾ ಅಕ್ಕ

ಎಲ್ಲರಿಗೂ ಸಲಾಂ, ನಮಸ್ಕಾರ. ನಾವು ಉಳ್ಳಾಲ ಕಡೆಯ ಬ್ಯಾರಿಗಳು. ಬಾಪ ಹೋಟೆಲ್ ಕೆಲಸಕ್ಕೆ ಅಂತ ಮುಂಬೈಗೆ ಬಂದವರು. ನಾವು ಮಕ್ಕಳು ಕುರ್ಲಾದಲ್ಲೇ ಬೆಳೆದೆವು.

ವಿಷಯ ನನ್ನ ತಮ್ಮನದು. ಈಗ ಹನ್ನೆರಡನೇ ಕ್ಲಾಸು. ಚಿತ್ರ ಅಂದ್ರೆ ಅವನಿಗೆ ಪ್ರಾಣ. ಶಾಲೆಯಲ್ಲಿದ್ದಾಗಲೇ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎರಡೂ ಡ್ರಾಯಿಂಗ್ ಪರೀಕ್ಷೆಯಲ್ಲಿ ಎ ಗ್ರೇಡ್ ತಗೊಂಡವನು. ಮೆಮೊರಿ ಡ್ರಾಯಿಂಗ್‌ನಲ್ಲಿ ಅವನಷ್ಟು ಗಟ್ಟಿ ಯಾರೂ ಇರಲಿಲ್ಲ. ಕುರ್ಲಾ ಸ್ಟೇಷನ್ನಿನ ಸೇತುವೆ ಹತ್ತಿರ ನಿಂಬೆಹಣ್ಣು ಮಾರುವ ಅಜ್ಜಿಯೊಬ್ಬಳಿದ್ದಾಳೆ. ಅವಳನ್ನು ನೋಡಿ ಬಂದು ಮನೆಯಲ್ಲಿ ಕೂತು ಬಿಡಿಸಿದ್ದ. ಚಿಲ್ಲರೆ ಎಣಿಸುವಾಗ ಆ ಅಜ್ಜಿಯ ಕೆಳತುಟಿ ಒಂದು ಕಡೆಗೆ ಎಳೆಯುತ್ತದೆ. ದಿನಾ ಅದೇ ದಾರಿಯಲ್ಲಿ ಹೋಗುವ ನನಗೆ ಅದು ಗೊತ್ತಾಗಿದ್ದು ಅವನ ಚಿತ್ರ ನೋಡಿದ ಮೇಲೆ.

ಆನಿಮೇಶನ್ ಓದಬೇಕು ಅಂತ ಇದ್ದ. ರಂಜಾನ್ ಸಮಯದಲ್ಲಿ ಮೊಬೈಲಿನಲ್ಲಿ ಒಂದು ಪ್ರವಚನದ ತುಣುಕು ಕೇಳಿದ. ಚಿತ್ರ ಬಿಡಿಸುವವರಿಗೆ ಪರಲೋಕದಲ್ಲಿ ಸಿಗುವ ಶಿಕ್ಷೆಯ ಬಗ್ಗೆ. ಮಾರನೇ ದಿನ ಸ್ಕೆಚ್ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿಬಿಟ್ಟ. ಬಾಪ ಹೇಳಿಲ್ಲ, ಉಮ್ಮ ಹೇಳಿಲ್ಲ. ಅವನೇ ನಿಲ್ಲಿಸಿದ. ಈಗ ಬಿ.ಕಾಂ. ಮಾಡ್ತೀನಿ ಅಂತಾನೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. "ಇದೆಲ್ಲ ಹಳೇ ಕಾಲದ್ದು, ತಲೆ ಕೆಡಿಸ್ಕೊಬೇಡ ಅನ್ನಿ" ಅಂತ ಯಾರೂ ಬರೆಯಬೇಡಿ. ಅವನು ಐದು ಹೊತ್ತು ನಮಾಝ್ ಮಾಡುವ ಹುಡುಗ. ಅವನ ಹೆದರಿಕೆ ನಿಜವಾದದ್ದು, ನನಗೆ ಅದರ ಬಗ್ಗೆ ಗೌರವ ಇದೆ. ಆದ್ರೆ ಆ ಕೈಯನ್ನು ಕೊಟ್ಟವನೂ ಅಲ್ಲಾಹನೇ ಅಲ್ವಾ? ಅದನ್ನು ಪೂರ್ತಿ ಕಟ್ಟಿಹಾಕು ಅಂತ ಅವನು ಹೇಳ್ತಾನಾ? ಎರಡನ್ನೂ ಉಳಿಸಿಕೊಳ್ಳುವ ದಾರಿ ನಿಮ್ಮಲ್ಲಿ ಯಾರಾದರೂ ಕಂಡುಕೊಂಡಿದ್ದರೆ ಬರೆಯಿರಿ.

ಮುಂಬ್ರಾ ವಾಸಿ

ವಅಲೈಕುಂ ಸಲಾಂ ತಂಗಿ. ನಾನು ಊರಲ್ಲಿ ಕೆಲವು ವರ್ಷ ದರ್ಸ್‌ನಲ್ಲಿ, ಅಂದ್ರೆ ಮಸೀದಿಯ ಧರ್ಮಪಾಠದಲ್ಲಿ, ಓದಿದವನು, ಈಗ ಮುಂಬ್ರಾದಲ್ಲಿ ವ್ಯಾಪಾರ. ನಿಮ್ಮ ತಮ್ಮ ಹೆದರಿದ್ದು ಸುಮ್ನೆ ಅಲ್ಲ. ಅವನು ಕೇಳಿದ ಹದೀಸ್, ಅಂದ್ರೆ ಪ್ರವಾದಿಯವರ(ಸ) ಮಾತು, ಬುಖಾರಿ, ಮುಸ್ಲಿಮ್ ಅನ್ನುವ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ರೂಪ ಮಾಡಿದವರಿಗೆ "ನೀವು ಮಾಡಿದ್ದಕ್ಕೆ ಜೀವ ಕೊಡಿ" ಅಂತ ಹೇಳಲಾಗುತ್ತದೆ. ನಮ್ಮ ಕರಾವಳಿಯವರು ಶಾಫಿ ಮದ್‌ಹಬ್‌ನವರು, ಅಂದ್ರೆ ಶಾಫಿ ಅನ್ನುವ ಧರ್ಮಶಾಸ್ತ್ರದ ಪಂಥದವರು. ಆ ಮದ್‌ಹಬ್‌ನ ದೊಡ್ಡ ವಿದ್ವಾಂಸ ಇಮಾಂ ನವವಿ, 1277ರಲ್ಲಿ ತೀರಿಕೊಂಡವರು, ಜೀವ ಇರುವುದರ ಚಿತ್ರದ ಬಗ್ಗೆ ಬಹಳ ಕಟ್ಟುನಿಟ್ಟು. ಮೂರ್ತಿ ಮಾತ್ರ ಅಲ್ಲ, ಬಟ್ಟೆ ಮೇಲಿನ ಚಿತ್ರವೂ ಸೇರುತ್ತದೆ ಅಂತ ಬರೆದಿದ್ದಾರೆ. ಇದನ್ನು ಮುಚ್ಚಿಟ್ಟು ನಿಮ್ಮ ತಮ್ಮನಿಗೆ ಸಮಾಧಾನ ಹೇಳಿದರೆ ಅವನು ನಂಬುವುದಿಲ್ಲ. ನಂಬಲೂ ಬಾರದು.

ಆದರೆ ಅದೇ ಬುಖಾರಿಯಲ್ಲಿ ಇನ್ನೊಂದು ಘಟನೆ ಇದೆ. ಪ್ರವಾದಿಯವರ(ಸ) ಒಡನಾಡಿ ಇಬ್ನು ಅಬ್ಬಾಸರ ಹತ್ತಿರ ಒಬ್ಬ ಬಂದ. "ನನ್ನ ಹೊಟ್ಟೆಪಾಡು ನನ್ನ ಕೈಕೆಲಸದಿಂದ, ಈ ಚಿತ್ರಗಳನ್ನು ಮಾಡ್ತೀನಿ" ಅಂದ. ಅವರು ಪ್ರವಾದಿಯವರಿಂದ(ಸ) ಕೇಳಿದ್ದನ್ನು ಹೇಳಿದರು. ಆ ಮನುಷ್ಯ ಉಸಿರು ಎಳೆದುಕೊಂಡ, ಮುಖ ಬಿಳಿಚಿಕೊಂಡಿತು. ಅವನ ಮುಖ ನೋಡಿ ಇಬ್ನು ಅಬ್ಬಾಸರು, ಮಾಡಲೇಬೇಕು ಅಂದ್ರೆ ಮರಗಳನ್ನು ಮಾಡು, ಜೀವ ಇಲ್ಲದ್ದನ್ನು ಮಾಡು ಅಂದರು.

ಇದನ್ನು ಓದುವಾಗಲೆಲ್ಲ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಅವನ ಕೆಲಸವನ್ನು ಬಿಡು ಅನ್ನಲಿಲ್ಲ. ಕೈಗೆ ಬೇರೆ ಕೆಲಸ ಕೊಟ್ಟರು. ನಿಮ್ಮ ತಮ್ಮನಿಗೆ ಆ ತುಣುಕಿನಲ್ಲಿ ಅರ್ಧ ಮಾತ್ರ ಕೇಳಿಸಿದೆ.

ಹಡಪ್ಸರ್ ಓದುಗ

ಮುಂಬ್ರಾ ಭಾಯ್, ನೀವು ಹೇಳಿದ್ದು ಒಂದು ಕಡೆ. ಅಷ್ಟೇ ಹಳೆಯ ಇನ್ನೊಂದು ಕಡೆಯೂ ಇದೆ. ಮೊದಲ ಖಲೀಫ ಅಬೂಬಕರ್ ಸಿದ್ದೀಕರ ಮೊಮ್ಮಗ ಕಾಸಿಮ್ ಬಿನ್ ಮುಹಮ್ಮದ್ ಮದೀನಾದ ದೊಡ್ಡ ಫಕೀಹ್ (ಧರ್ಮಶಾಸ್ತ್ರಜ್ಞ). ಅವರು ನೆರಳು ಬೀಳದ ಚಿತ್ರಕ್ಕೆ, ಅಂದ್ರೆ ಬಟ್ಟೆ ಮೇಲೆ, ಗೋಡೆ ಮೇಲೆ ಬರೆದದ್ದಕ್ಕೆ, ಅಡ್ಡಿ ಇಲ್ಲ ಅಂದವರು. ಮಾಲಿಕಿ ಮದ್‌ಹಬ್‌ನವರಲ್ಲಿ ಬಹಳ ಜನ ಪೂರ್ತಿ ಮೂರ್ತಿಯನ್ನು ಹರಾಮ್ (ನಿಷಿದ್ಧ) ಅಂತಾರೆ, ಚಪ್ಪಟೆ ಚಿತ್ರವನ್ನು ಮಕ್ರೂಹ್ (ಮಾಡದಿದ್ದರೆ ಒಳ್ಳೆಯದು) ಅಂತಾರೆ, ಅಷ್ಟೇ. ಈಜಿಪ್ಟಿನ ಮುಫ್ತಿ ಆಗಿದ್ದ ಮುಹಮ್ಮದ್ ಅಬ್ದುಹು ಇಪ್ಪತ್ತನೇ ಶತಮಾನದ ಶುರುವಿನಲ್ಲೇ, ಪೂಜೆಯ ಭಯ ಇಲ್ಲದ ಕಡೆ, ಕಲಿಯೋದಕ್ಕೆ ಉಪಯೋಗ ಆಗುವ ಕಡೆ ಚಿತ್ರ ತಪ್ಪಲ್ಲ ಅಂತ ಬರೆದರು.

ಪ್ರವಾದಿಯವರ(ಸ) ಮಡದಿ ಆಯಿಶಾ ಬೀವಿಯವರು ಗೊಂಬೆ ಆಡುತ್ತಿದ್ದ ವಿಷಯ ಎಲ್ಲರಿಗೂ ಗೊತ್ತು. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇದೆ. ಗೊಂಬೆಗಳ ನಡುವೆ ಬಟ್ಟೆಯ ರೆಕ್ಕೆ ಇರುವ ಒಂದು ಕುದುರೆ. ಕುದುರೆಗೆ ರೆಕ್ಕೆಯಾ ಅಂತ ಪ್ರವಾದಿಯವರು(ಸ) ಕೇಳಿದರು. "ಸುಲೈಮಾನರ ಕುದುರೆಗಳಿಗೆ ರೆಕ್ಕೆ ಇತ್ತು ಅಂತ ನೀವು ಕೇಳಿಲ್ವಾ?" ಅಂತ ಆ ಹುಡುಗಿ ಹೇಳಿದಳು. ಅವರು ದವಡೆ ಹಲ್ಲು ಕಾಣುವಷ್ಟು ನಕ್ಕರು. ಮಕ್ಕಳಿಗಾಗಿ ಕಾರ್ಟೂನ್ ಮಾಡಬೇಕು ಅಂತಿರುವ ಹುಡುಗನಿಗೆ ಇದನ್ನು ಯಾಕೆ ಯಾರೂ ಹೇಳುವುದಿಲ್ಲ?

ಮುಂಬ್ರಾ ವಾಸಿ

ಕಾಸಿಮರ ಮಾತು ಇದೆ, ಇಲ್ಲ ಅನ್ನಲ್ಲ. ಆದರೆ ಒಂದು ಮದ್‌ಹಬ್ ಹಿಡಿದವನು ತನಗೆ ಹಗುರ ಅನ್ನಿಸಿದ್ದನ್ನೆಲ್ಲ ಅಲ್ಲಿ ಒಂದು, ಇಲ್ಲಿ ಒಂದು ಆರಿಸಿಕೊಳ್ಳಬಾರದು ಅನ್ನೋದು ನಮ್ಮ ಉಸ್ತಾದರು ಕಲಿಸಿದ ಮರ್ಯಾದೆ. ಗೊಂಬೆಯ ವಿಷಯದಲ್ಲಿ ಮಾತ್ರ ನಾನು ನಿಮ್ಮ ಜೊತೆ. ನಮ್ಮ ಮದ್‌ಹಬ್‌ನವರೂ ಮಕ್ಕಳ ಗೊಂಬೆಗೆ ರಿಯಾಯ್ತಿ ಕೊಟ್ಟಿದ್ದಾರೆ.

ವಿಜಾಪುರದ ಆಪಾ, ಪುಣೆ

ಕುರ್ಲಾ ತಂಗಿ, ನಾನು ಪುಣೆಯ ಕೋಂಢ್ವಾದಲ್ಲಿ ಇದ್ದೀನಿ. ಖತ್, ಅಂದ್ರೆ ಅರಬಿ-ಉರ್ದು ಕೈಬರಹ, ಕಲಿತು ಕಲಿಸುತ್ತೀನಿ. ನಮ್ಮ ಅಬ್ಬಾ ಕಾತಿಬ್ (ಕೈಬರಹಗಾರ) ಆಗಿದ್ದರು. ಆಗ ಉರ್ದು ಪೇಪರನ್ನು ಪೂರ್ತಿ ಕೈಯಲ್ಲಿ ಬರೆದು ಆಮೇಲೆ ಅಚ್ಚಿಗೆ ಕೊಡುತ್ತಿದ್ದರು. 1990ರ ದಶಕದಲ್ಲಿ ಇನ್‌ಪೇಜ್ ಅನ್ನುವ ಉರ್ದು ಕಂಪ್ಯೂಟರ್ ತಂತ್ರಾಂಶ ಬಂತು. ಕಾತಿಬರ ಅನ್ನ ಹೋಯಿತು. ಅಬ್ಬಾ ಮದುವೆ ಕಾರ್ಡು, ಅಂಗಡಿ ಬೋರ್ಡು ಬರೆದುಕೊಂಡು ನಮ್ಮನ್ನು ಸಾಕಿದರು. ಆದರೆ ಬೆಳಿಗ್ಗೆ ಫಜ್ರ್ ನಮಾಝ್ ಆದ ಮೇಲೆ ಒಂದು ಪುಟ ಕುರಾನ್ ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಅದನ್ನು ಪಕ್ಕದಲ್ಲಿ ಕೂತು ನೋಡಬೇಕು. ಬರು ಅಂತ ಒಂದು ಜಾತಿಯ ದಂಟು ಬರುತ್ತದೆ. ಅದನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸಬೇಕು. ನಡುವೆ ಸಣ್ಣ ಸೀಳು ಕೊಡಬೇಕು. ಆ ತುದಿಯನ್ನು ಕಾಗದದ ಮೇಲೆ ಓರೆಯಾಗಿ ಒತ್ತಿದರೆ ಒಂದು ಚೌಕದ ಚುಕ್ಕೆ ಬೀಳುತ್ತದೆ. ಅದೇ ನುಕ್ತೆ. ಎಲ್ಲ ಅಳತೆಯೂ ಅದರಿಂದಲೇ. ಸುಲುಸ್ ಅನ್ನುವ ಬರಹದ ಶೈಲಿಯಲ್ಲಿ ಅಲಿಫ್ ಅಕ್ಷರ ಸಾಮಾನ್ಯವಾಗಿ ಏಳು ನುಕ್ತೆ ಎತ್ತರ, ನಸ್ತಾಲೀಖ್ ಶೈಲಿಯಲ್ಲಿ ಮೂರೇ. ಈ ಲೆಕ್ಕಕ್ಕೆ ಮೊದಲು ಕ್ರಮ ಹಾಕಿದ್ದು ಬಗ್ದಾದಿನ ವಜೀರ ಇಬ್ನು ಮುಕ್ಲಾ ಅಂತ ಹೇಳುತ್ತಾರೆ, 940ರಲ್ಲಿ ತೀರಿಕೊಂಡವರು. ದೌತಿ ಅಂದ್ರೆ ಮಸಿಕುಡಿಕೆ, ಅದರೊಳಗೆ ರೇಷ್ಮೆ ಎಳೆಯ ಉಂಡೆ ಇಡುತ್ತಾರೆ, ಕಲಂಗೆ ಮಸಿ ಜಾಸ್ತಿ ಹತ್ತಬಾರದು ಅಂತ. ಕಾಗದಕ್ಕೆ ಮೊಟ್ಟೆಯ ಬಿಳಿ ಮತ್ತು ಪಟಿಕ ಸವರಿ, ಒಣಗಿದ ಮೇಲೆ ನಯವಾದ ಕಲ್ಲಿನಿಂದ ಉಜ್ಜುತ್ತಾರೆ. ಆಗ ತಪ್ಪಾದ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು.

ಇದು ಯಾವುದರಲ್ಲೂ ಯಾವ ಮದ್‌ಹಬ್‌ಗೂ ಜಗಳ ಇಲ್ಲ. ಹಾಗಂತ ಸಣ್ಣ ಕಲೆಯೂ ಅಲ್ಲ. ನಮ್ಮೂರಿಗೆ ಹೋಗಿ ಇಬ್ರಾಹಿಂ ರೋಜಾ ನೋಡಿ. ಕಿಟಕಿಯ ಕಲ್ಲನ್ನೇ ಅಕ್ಷರ ಮಾಡಿ ಕೊರೆದಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಬೀದರಿನ ಮಹಮೂದ್ ಗವಾನ್ ಮದ್ರಸ 1472ರದು, ಅಲ್ಲಿನ ಹೆಂಚಿನ ಮೇಲಿನ ನೀಲಿ-ಬಿಳಿ ಬರಹ ಈಗಲೂ ಒಂದಿಷ್ಟು ಉಳಿದಿದೆ. ಅಷ್ಟು ದೂರ ಆಗದಿದ್ದರೆ ನಿಮ್ಮ ಮುಂಬೈಯ ಹಾಜಿ ಅಲಿ ದರ್ಗಾಕ್ಕೆ ಕರೆದುಕೊಂಡು ಹೋಗಿ. ಒಳಗಿನ ಅಮೃತಶಿಲೆಯ ಕಂಬಗಳ ಮೇಲೆ ಕನ್ನಡಿ ಚೂರಿನಲ್ಲಿ ಅಲ್ಲಾಹನ 99 ಹೆಸರುಗಳಿವೆ. ಅದನ್ನು ಮಾಡಿದವನೂ ನಿಮ್ಮ ತಮ್ಮನ ಹಾಗೆ ಕೈ ಚುರುಕಿದ್ದ ಒಬ್ಬ ಹುಡುಗನೇ ಆಗಿದ್ದಿರಬೇಕು.

ಕುರ್ಲಾ ಅಕ್ಕ

ಆಪಾ, ಓದಿ ಕಣ್ಣು ತುಂಬಿತು. ಅವನಿಗೂ ಓದಿಸ್ತೀನಿ. ಆದ್ರೆ ಒಂದು ಕೇಳಲಾ? ಅವನ ಕೈ ಓಡೋದು ಮುಖಗಳಲ್ಲಿ. ಅಕ್ಷರ ಕಲಿಯಬಹುದು, ಮರ ಕಲಿಯಬಹುದು. ಆ ನಿಂಬೆಹಣ್ಣಿನ ಅಜ್ಜಿ ಎಲ್ಲಿ ಹೋಗಬೇಕು?

ವಾಸ್ಕೋ ಉಮ್ಮ

ಈ ಪ್ರಶ್ನೆಗೆ ನಾನು ಬರೆಯಲೇಬೇಕು. ನಾನು ಭಟ್ಕಳದವಳು, ಮದುವೆಯಾಗಿ ಗೋವಾದ ವಾಸ್ಕೋಗೆ ಬಂದವಳು. ಕನ್ನಡದಲ್ಲಿ ಕತೆ ಬರೆಯುತ್ತೀನಿ. ನನಗೂ ಜನರ ಮುಖಗಳೇ ಬೇಕು. ಬಣ್ಣದ ಬದಲು ಮಾತಿನಲ್ಲಿ ಬಿಡಿಸುತ್ತೀನಿ. ಮೀನು ಮಾರ್ಕೆಟ್ಟಿನಲ್ಲಿ ಗಂಡನ ಸಾಲದ ಬಗ್ಗೆ ಅಳುತ್ತಲೇ ಬಂಗುಡೆಗೆ ದರ ಹೇಳುವ ಹೆಂಗಸನ್ನು ನೋಡಿದರೆ ನನ್ನೊಳಗೆ ಕತೆ ಶುರುವಾಗಿಬಿಡುತ್ತದೆ.

ನನಗೂ ಹೇಳಿದರು, ಕತೆ ಅಂದ್ರೆ ಸುಳ್ಳು, ಕವಿಗಳನ್ನು ಕುರಾನಿನಲ್ಲೇ ಬೈದಿದೆ ಅಂತ. ಕವಿಗಳು ಅನ್ನುವ ಹೆಸರಿನ ಅಧ್ಯಾಯವೇ ಇದೆ, 26ನೆಯದು. ದಾರಿ ತಪ್ಪಿದವರು ಅವರ ಹಿಂದೆ ಹೋಗುತ್ತಾರೆ, ಅವರು ತಾವು ಮಾಡದ್ದನ್ನು ಹೇಳುತ್ತಾರೆ ಅಂತ ಅದರ ಕೊನೆಯಲ್ಲಿ ಬರುತ್ತದೆ. ಹೇಳುವವರು ಅಲ್ಲಿಗೆ ನಿಲ್ಲಿಸುತ್ತಾರೆ. 227ನೇ ಆಯತ್ (ವಚನ) ಓದುವುದಿಲ್ಲ. ಅದರಲ್ಲಿ, ನಂಬಿದವರು, ಒಳ್ಳೆಯದು ಮಾಡಿದವರು, ಅಲ್ಲಾಹನನ್ನು ಬಹಳ ನೆನೆದವರು, ಅನ್ಯಾಯಕ್ಕೆ ಒಳಗಾಗಿ ಎದ್ದು ನಿಂತವರು, ಇವರನ್ನು ಬಿಟ್ಟು ಅಂತಿದೆ. ಕವಿ ಹಸ್ಸಾನ್ ಬಿನ್ ಸಾಬಿತ್ ಕವಿತೆ ಹೇಳಲಿ ಅಂತ ಪ್ರವಾದಿಯವರು(ಸ) ಮಸೀದಿಯಲ್ಲೇ ಮಿಂಬರ್, ಅಂದ್ರೆ ಪ್ರವಚನದ ಪೀಠ, ಇಡಿಸಿದ್ದರು. ಬೈಗುಳವೂ ಅಲ್ಲೇ ಇದೆ, ಆಸನವೂ ಅಲ್ಲೇ ಇದೆ. ಯಾವುದು ನಿನಗೆ ಅನ್ನೋದು ನೀನು ಏನು ಬರೆಯುತ್ತೀಯಾ ಅನ್ನುವುದರ ಮೇಲೆ.

ಹಾಗಾಗಿ ನಾನು ನನಗೆ ಕೆಲವು ಕಟ್ಟು ಹಾಕಿಕೊಂಡಿದ್ದೀನಿ. ಯಾರ ಮನೆಯ ಗುಟ್ಟನ್ನೂ ಗುರುತು ಸಿಗುವ ಹಾಗೆ ಬರೆಯಲ್ಲ, ಅದು ಗೀಬತ್, ಬೆನ್ನ ಹಿಂದೆ ಆಡುವ ಮಾತು. ಗೇಲಿ ಮಾಡಲು ಬರೆಯಲ್ಲ. ಅನ್ಯಾಯ ಕಂಡರೆ, ಅದು ನಮ್ಮ ಸಮುದಾಯದ ಒಳಗೇ ಇದ್ದರೂ, ಬಿಡಲ್ಲ. ಈ ಕಟ್ಟುಗಳಿಂದ ನನ್ನ ಕತೆ ಸೊರಗಿಲ್ಲ, ಗಟ್ಟಿಯಾಗಿದೆ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಮನೆಯಲ್ಲಿ ಮೊದಲ ಸಲ ನನ್ನ ಅತ್ತೆ "ನೀನೂ ಏನೋ ಬರೀತಿ ಅಲ್ವಾ, ಓದು ನೋಡೋಣ" ಅಂದರು.

ನಿಮ್ಮ ತಮ್ಮನಿಗೆ ಹೇಳಿ, ಆ ಅಜ್ಜಿಯನ್ನು ನೋಡಿದ್ದು ಕಣ್ಣು. ಆ ಕಣ್ಣನ್ನು ಯಾರೂ ಹರಾಮ್ ಅಂದಿಲ್ಲ. ಕೈಗೆ ಯಾವ ಕೆಲಸ ಕೊಡೋದು ಅಂತ ಆಮೇಲೆ ತೀರ್ಮಾನ ಮಾಡಲಿ.

ಮಿರಜ್‌ನಿಂದ ಪುಣೆಗೆ

ಚಿತ್ರದ ಮಾತಿನ ನಡುವೆ ಸಂಗೀತ ತರುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಹಾಡುವವನು, ಪುಣೆಯಲ್ಲಿ ಪಾಠ ಹೇಳುತ್ತೇನೆ. ಈ ಗೊಂದಲದ ಜೊತೆಗೇ ಬೆಳೆದವನು.

ನಮ್ಮ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರನ್ನು ನೆನೆಯಿರಿ. 1872ರಲ್ಲಿ ಹುಟ್ಟಿ 1937ರಲ್ಲಿ ಹೋದರು. 1913ರಲ್ಲಿ ಇದೇ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು, ಸವಾಯಿಯವರ ಶಿಷ್ಯರು ಗದಗಿನ ಭೀಮಸೇನ ಜೋಶಿ. ಧಾರವಾಡ ಸೀಮೆಯ ಹಾಡಿಕೆಯ ಬೇರಿನಲ್ಲಿ ಒಬ್ಬ ನಮಾಝಿ ಮುಸಲ್ಮಾನ ಇದ್ದಾರೆ. ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಮೈ ಸರಿಯಿಲ್ಲದೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದರು, ನಮಾಝ್ ಮಾಡಿದರು, ದರ್ಬಾರಿ ರಾಗದಲ್ಲಿ ಸ್ವರ ಹಚ್ಚಿ ದೇವರನ್ನು ನೆನೆಯುತ್ತ ಕಣ್ಣು ಮುಚ್ಚಿದರು ಅಂತ ನಮ್ಮ ಘರಾಣೆಯಲ್ಲಿ ಎಲ್ಲರೂ ಹೇಳುತ್ತಾರೆ. ಮಣ್ಣು ಆಗಿದ್ದು ಮಿರಜಿನ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ. ಉರುಸಿನಲ್ಲಿ ಅವರ ಹೆಸರಿನಲ್ಲಿ ರಾತ್ರಿಯಿಡೀ ಹಾಡುತ್ತಾರೆ.

ನಾಲ್ಕೂ ಮದ್‌ಹಬ್‌ನ ಬಹುಮತ ವಾದ್ಯದ ವಿರುದ್ಧ ಇದೆ ಅಂತ ನನಗೆ ಗೊತ್ತು. ಸ್ಪೇನಿನ ವಿದ್ವಾಂಸ ಇಬ್ನು ಹಜ್ಮ್ ಆ ನಿಷೇಧವನ್ನು ಒಪ್ಪಲಿಲ್ಲ ಅಂತಲೂ ಗೊತ್ತು. ಇಮಾಂ ಗಜಾಲಿ, 1111ರಲ್ಲಿ ಹೋದವರು, ನಿಮ್ಮ ಶಾಫಿ ಮದ್‌ಹಬ್‌ನವರೇ. ಹಾಡು ಕೇಳುವುದರ ಬಗ್ಗೆ ಒಂದು ಇಡೀ ಅಧ್ಯಾಯ ಬರೆದು, ಮನಸ್ಸಿನಲ್ಲಿ ಇರುವುದನ್ನೇ ಹಾಡು ಕಲಕುತ್ತದೆ, ಆದ್ದರಿಂದ ಯಾರು ಕೇಳುತ್ತಾರೆ, ಯಾಕೆ ಕೇಳುತ್ತಾರೆ ನೋಡಿ ಅಂದರು. ಹಾಗಂತ ತಂತಿವಾದ್ಯಕ್ಕೆ ಅವರೂ ಒಪ್ಪಲಿಲ್ಲ. ನಾನು ತಂಬೂರಿ ಹಿಡಿದು ಕೂರುವವನು. ಈ ಭಾರ ಹೊತ್ತುಕೊಂಡೇ ಹಾಡುತ್ತೇನೆ. ಕುಡಿತದ ಪಾರ್ಟಿಗೆ ಕರೆದರೆ ಹೋಗಲ್ಲ, ನಮಾಝ್ ತಪ್ಪಿಸಿ ಕಛೇರಿ ಮಾಡಲ್ಲ. ಲೆಕ್ಕ ಅಲ್ಲಾಹನ ಹತ್ತಿರ.

ಮುಂಬ್ರಾ ವಾಸಿ

ಭಾಯ್, ನಾನು ನಿಮ್ಮ ದಾರಿ ಹಿಡಿಯಲ್ಲ. ನಮಗೆ ದಫ್ ಬಡಿತ ಇದೆ, ಪ್ರವಾದಿಯವರನ್ನು(ಸ) ಹೊಗಳುವ ಬುರ್ದಾ ಕಾವ್ಯ ಇದೆ, ಒಳ್ಳೆಯ ಕಂಠ ಇದ್ದವರಿಗೆ ಕಿರಾಅತ್, ಅಂದ್ರೆ ಕುರಾನ್ ಪಠಣ, ಇದೆ. ಪ್ರವಾದಿಯವರ(ಸ) ಒಡನಾಡಿ ಅಬೂಮೂಸಾ ಅಶ್‌ಅರಿಯವರ ಓದು ಕೇಳಿ, ದಾವೂದರ ಮನೆತನದ ಕೊಳಲು ಇವರಿಗೆ ಸಿಕ್ಕಿದೆ ಅಂತ ಪ್ರವಾದಿಯವರೇ(ಸ) ಮೆಚ್ಚಿದರು. ನನಗೆ ಅಷ್ಟು ಸಾಕು. ಆದರೆ ನೀವು ಮುಚ್ಚುಮರೆ ಇಲ್ಲದೆ ಬರೆದಿರಿ. ನಿಮಗಾಗಿ ದುಆ (ಪ್ರಾರ್ಥನೆ) ಮಾಡ್ತೀನಿ, ನನಗಾಗಿ ನೀವೂ ಮಾಡಿ.

ಡೊಂಬಿವ್ಲಿ ಡ್ರಾಯಿಂಗ್ ಮೇಷ್ಟ್ರು

ನಾನು ಮುಸ್ಲಿಂ ಅಲ್ಲ, ಧರ್ಮದ ತೀರ್ಮಾನ ನನ್ನದಲ್ಲ. ಮುಂಬೈಯ ಕನ್ನಡ ಶಾಲೆಗಳಲ್ಲಿ ಚಿತ್ರಕಲೆ ಹೇಳಿಕೊಟ್ಟು ನಿವೃತ್ತನಾದವನು. ಹುಡುಗನ ಓದಿನ ಬಗ್ಗೆ ಮಾತ್ರ ಹೇಳ್ತೀನಮ್ಮ.

ಚಿತ್ರ ಬಿಟ್ಟರೆ ಬಿ.ಕಾಂ. ಅನ್ನೋದು ಅವಸರದ ಮಾತು. ನಡುವೆ ಎಷ್ಟೊಂದು ಇದೆ. ಮುಂಬೈಯ ಸರ್ ಜೆ.ಜೆ. ಕಲಾಶಾಲೆ 1857ರಲ್ಲಿ ಶುರುವಾದದ್ದು. ಅಲ್ಲಿ ಪೇಂಟಿಂಗ್ ಒಂದೇ ಅಲ್ಲ. ಜಾಹೀರಾತು, ಪೋಸ್ಟರಿನಂಥ ಅಪ್ಲೈಡ್ ಆರ್ಟ್ ಇದೆ, ಬಟ್ಟೆಯ ಡಿಸೈನ್ ಇದೆ, ಒಳಾಂಗಣ ಇದೆ, ಸೆರಾಮಿಕ್ಸ್ ಇದೆ. ಪೇಂಟಿಂಗ್‌ಗೆ ಹೋದರೆ ಮನುಷ್ಯನ ಆಕೃತಿ ಬರೆಯಲೇಬೇಕು, ಅದನ್ನು ಮೊದಲೇ ತಿಳಿದುಕೊಳ್ಳಲಿ. ಅಕ್ಷರವಿನ್ಯಾಸಕ್ಕೆ ಹೋದರೆ ಕನ್ನಡಕ್ಕೂ ಉರ್ದುವಿಗೂ ಒಳ್ಳೆಯ ಫಾಂಟು ಮಾಡುವವರು ಬೇಕಾಗಿದ್ದಾರೆ.

ಆನಿಮೇಶನ್ನೇ ಬೇಕು ಅಂದ್ರೆ, ಅದು ಒಬ್ಬನ ಕೆಲಸ ಅಲ್ಲ. ಪಾತ್ರ ಬಿಡಿಸುವವರು ಬೇರೆ, ಹಿನ್ನೆಲೆ ಬರೆಯುವವರು ಬೇರೆ. ಬೀದಿ, ಮಳೆ, ಚಾಳಿನ ಮೆಟ್ಟಿಲು, ರೈಲಿನ ಡಬ್ಬಿ, ಸಂಜೆಯ ಬೆಳಕು, ಇದೆಲ್ಲ ಬ್ಯಾಕ್‌ಗ್ರೌಂಡ್ ಆರ್ಟಿಸ್ಟ್ ಕೆಲಸ. ಮುಂಬ್ರಾದವರು ಹೇಳಿದ ಮರದ ಮಾತು ಓದಿದ ಕೂಡಲೇ ನನಗೆ ಇದೇ ಹೊಳೆಯಿತು. ಆ ವಿಭಾಗದಲ್ಲಿ ಜೀವಮಾನ ಕಳೆದು ಹೆಸರು ಮಾಡಿದವರಿದ್ದಾರೆ.

ಒಂದು ಬೇಡಿಕೆ. ಅವನಿಗೆ ಇಷ್ಟವಿಲ್ಲದೆ ಮುಖ ಬರೆಯಲು ಯಾರೂ ಒತ್ತಾಯ ಮಾಡಬೇಡಿ. ಹೆದರಿದ ಕೈಯಿಂದ ಗೆರೆ ಬರಲ್ಲ. ಪುಸ್ತಕಗಳನ್ನು ಮಾತ್ರ ಹರಿಯಲು ಬಿಡಬೇಡಿ.

ಹಡಪ್ಸರ್ ಓದುಗ

ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. "ಚಿತ್ರ ಹರಾಮಾ?" ಅಂತ ಒಂದೇ ಸಾಲಿನಲ್ಲಿ ಕೇಳಿದರೆ ಒಂದೇ ಪದದ ಉತ್ತರ ಬರುತ್ತದೆ. ವೈದ್ಯನ ಹತ್ತಿರ ಹೋಗಿ "ಔಷಧಿ ಒಳ್ಳೆಯದಾ" ಅಂತ ಯಾರೂ ಕೇಳಲ್ಲ. ಏನು ಬಿಡಿಸಬೇಕು, ಯಾರಿಗಾಗಿ, ಯಾತಕ್ಕೆ, ದುಡ್ಡು ಎಲ್ಲಿಂದ, ಎಲ್ಲ ಬರೆದುಕೊಂಡು ಹೋಗಿ ಎದುರಿಗೆ ಕೂತು ಕೇಳಲಿ. ಮೊಬೈಲಿನ ತುಣುಕಿಗೆ ಇವನು ಯಾರು ಅಂತ ಗೊತ್ತಿಲ್ಲ. ಮಸೀದಿಯ ಉಸ್ತಾದರಿಗೆ ಗೊತ್ತು.

ಕುರ್ಲಾ ಅಕ್ಕ

ತಡವಾಗಿ ಬರೆಯುತ್ತಿದ್ದೀನಿ, ಕ್ಷಮಿಸಿ. ನಿಮ್ಮ ಉತ್ತರಗಳನ್ನೆಲ್ಲ ಅವನಿಗೆ ಓದಲು ಕೊಟ್ಟೆ. ಮೊದಲು ಏನೂ ಹೇಳಲಿಲ್ಲ. ಆಮೇಲೆ ತಾನೇ ಒಂದು ಪಟ್ಟಿ ಬರೆದ. ಅಕ್ಷರ. ಆನಿಮೇಶನ್‌ನ ಹಿನ್ನೆಲೆ. ಮಕ್ಕಳ ಪಾಠದ ಪುಸ್ತಕದ ಪ್ರಾಣಿ. ಡಾಕ್ಟರು ಓದುವ ಪುಸ್ತಕದ ದೇಹದ ಚಿತ್ರ. ಗೋಡೆಗೆ ಹಾಕುವ ಮನುಷ್ಯರ ಚಿತ್ರ. ಮೂರ್ತಿ. ಕೊನೆಗೆ ಸಣ್ಣದಾಗಿ, ಯಾರಿಗೂ ತೋರಿಸದೆ ನೋಟ್ ಬುಕ್ಕಿನಲ್ಲಿ ಬಿಡಿಸುವ ಮುಖ.

ಬಾಪನ ಜೊತೆ ಉಸ್ತಾದರ ಹತ್ತಿರ ಹೋಗಿ ಒಂದೊಂದೇ ಕೇಳಿದ. ಅಕ್ಷರಕ್ಕೆ, ಹಿನ್ನೆಲೆಗೆ ಧಾರಾಳವಾಗಿ ಹೋಗು, ಬಿಸ್ಮಿಲ್ಲಾ ಹೇಳಿ ಶುರು ಮಾಡು ಅಂದರಂತೆ. ಡಾಕ್ಟರ ಪುಸ್ತಕ ಅಗತ್ಯದ್ದು, ಅದಕ್ಕೆ ದಾರಿ ಇದೆ ಅಂದರು. ಮಕ್ಕಳ ಪಾಠದ ಚಿತ್ರಕ್ಕೆ ಗೊಂಬೆಯ ಹದೀಸನ್ನೇ ಹೇಳಿ, ಈಗಿನ ಆಲಿಮರಲ್ಲಿ (ಧರ್ಮಪಂಡಿತರಲ್ಲಿ) ಒಪ್ಪುವವರಿದ್ದಾರೆ, ನೀನು ಅವರ ಮಾತು ಹಿಡಿದರೆ ನಾನು ತಪ್ಪು ಅನ್ನಲ್ಲ ಅಂದರು. ಗೋಡೆಯ ಚಿತ್ರ, ಮೂರ್ತಿ ಬೇಡ ಅಂದರು. ಕೊನೆಯದಕ್ಕೆ, ಸದ್ಯ ಬಿಡು, ಬೇರೆಯದರಲ್ಲಿ ಕೈ ಕೂರಲಿ, ಮನಸ್ಸು ತಿಳಿಯಾದ ಮೇಲೆ ಮತ್ತೆ ಬಂದು ಕೇಳು ಅಂದರು. ನನಗೆ ಆ ಕೊನೆಯ ಉತ್ತರ ಸಾಲದು. ಅವನಿಗೆ ಸಾಕಾಗಿದೆ. ಹದೀಸ್ ಓದಿ ಹೆದರಿದವನು ಅವನು, ಹಾಗಾಗಿ ನಾನು ಸುಮ್ಮನಿದ್ದೀನಿ.

ಬಿ.ಕಾಂ. ಮಾತು ಬಿಟ್ಟಿದ್ದಾನೆ. ಅಪ್ಲೈಡ್ ಆರ್ಟ್‌ಗೆ ಸಿ.ಇ.ಟಿ. ಬರೀತಾನಂತೆ. ಮೇಷ್ಟ್ರೇ, ನಿಮಗೆ ಖಾಸಗಿಯಾಗಿ ಸಂದೇಶ ಕಳಿಸಲಾ? ಆಪಾ, ರಜೆಯಲ್ಲಿ ಅವನನ್ನು ಕೋಂಢ್ವಾಕ್ಕೆ ಕಳಿಸಿದರೆ ಖತ್ ಹೇಳಿಕೊಡ್ತೀರಾ? ಪುಣೆಯಲ್ಲಿ ನಮ್ಮ ಮಾವ ಇದ್ದಾರೆ, ಉಳಿಯೋದಕ್ಕೆ ತೊಂದರೆ ಇಲ್ಲ.

ಡೊಂಬಿವ್ಲಿ ಡ್ರಾಯಿಂಗ್ ಮೇಷ್ಟ್ರು

ಖಂಡಿತ ಕಳಿಸಮ್ಮ. ಇಂಟರ್‌ಮೀಡಿಯೆಟ್‌ನ ಸರ್ಟಿಫಿಕೇಟು ಹುಡುಕಿ ಇಟ್ಟುಕೊಳ್ಳಲಿ.

ವಿಜಾಪುರದ ಆಪಾ, ಪುಣೆ

ಕಳಿಸು ತಂಗಿ, ಫೀಸಿನ ಮಾತು ಎತ್ತಬೇಡ. ಅವನು ಬಲಗೈಯವನೋ ಎಡಗೈಯವನೋ ಬರೆದು ತಿಳಿಸು. ಕಲಂ ಕತ್ತರಿಸುವ ಓರೆ ಬೇರೆ ಆಗುತ್ತದೆ. ಬರುವುದರೊಳಗೆ ನಾಲ್ಕೈದು ಕಡಿದು ಒಣಗಿಸಿ ಇಡುತ್ತೀನಿ.